ಬೆಲ್ಲದ ಒಲೆ

ಮರದಿಂದ ಇಳಿಸಿದ ಸಿಹಿ ರಸವನ್ನೋ ಗಾಣದಿಂದ ಬಂದ ಕಬ್ಬಿನ ಹಾಲನ್ನೋ ಕಟ್ಟಿಗೆಯ ಬೆಂಕಿಯಲ್ಲಿ ಕುದಿಸಿ, ನೀರು ಆವಿಯಾಗಿ ಹೋದ ಮೇಲೆ ಉಳಿಯುವ ಪಾಕವನ್ನೋ ಬೆಲ್ಲವನ್ನೋ ತೆಗೆಯಲು ಮನೆಮಂದಿಯೇ ಕಟ್ಟಿಕೊಳ್ಳುವ ಒಲೆ. ಕರ್ನಾಟಕದಲ್ಲಿ ಇದಕ್ಕೆ ಎರಡು ಕವಲುಗಳಿವೆ. ಕರಾವಳಿಯಲ್ಲಿ ತಾಳೆ ಮತ್ತು ತೆಂಗಿನ ರಸದ ಒಲೆ, ಮಲೆನಾಡು ಮತ್ತು ಬಯಲುಸೀಮೆಯಲ್ಲಿ ಆಲೆಮನೆಯ ಒಲೆ. ಎರಡನೆಯದು ಈಗಲೂ ಉರಿಯುತ್ತಿದೆ. ಮೊದಲನೆಯದನ್ನು ಹುಡುಕಿಕೊಂಡು ಹೋಗಬೇಕು.

ಮಂಗಳೂರಿನ ಹಳೇ ಬಂದರಿನಿಂದ ದೋಣಿ ಹತ್ತಿ ಗುರುಪುರ ನದಿ ದಾಟಿದರೆ ಬೆಂಗ್ರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಮರಳಿನ ಪಟ್ಟಿ. ಮೀನುಗಾರರ ಈ ಊರಿನಲ್ಲಿ ಕಾಡಿಲ್ಲ, ಇರುವುದು ತೆಂಗು. ಹೀಗೆ ಕಾಡಿಲ್ಲದ ಕಡಲಬದಿಯಲ್ಲಿ ಸೌದೆಯೆಂದರೆ ಒಣಗಿದ ಮಡಲು, ಕೊತ್ತಳಿಗೆ, ಗೆರಟೆ, ಕಾಯಿಸಿಪ್ಪೆ. ಮಡಲು ಭಗ್ಗನೆ ಉರಿದು ಬೇಗ ಮುಗಿಯುತ್ತದೆ, ಗೆರಟೆಯ ಕೆಂಡ ಹೊತ್ತು ಹಿಡಿಯುತ್ತದೆ, ಸಿಪ್ಪೆ ಹೊಗೆಯಾಡುತ್ತ ಕುಳಿತಿರುತ್ತದೆ. ರಸ ಕುದಿಸುವವರಿಗೆ ಈ ಮೂರರ ಗುಣವೂ ಗೊತ್ತಿರಬೇಕು. ಆರಂಭಕ್ಕೆ ಜೋರು ಉರಿ ಬೇಕು, ಪಾಕ ಗಟ್ಟಿಯಾಗುವ ಹೊತ್ತಿಗೆ ಬರಿಯ ಕೆಂಡ ಸಾಕು.

ರಸ ಎಷ್ಟು ತೆಳುವೋ ಒಲೆ ಅಷ್ಟು ಜಾಣತನ ಬೇಡುತ್ತದೆ. ಉತ್ತರ ಅಮೆರಿಕದ ಮೇಪಲ್ ಮರದ ರಸದಲ್ಲಿ ಸಕ್ಕರೆ ಶೇ. 2ರ ಆಸುಪಾಸು ಮಾತ್ರ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಕುದಿಸಬೇಕು. ಅಲ್ಲಿನ ಮೂಲನಿವಾಸಿಗಳು ಕಾಯಿಸಿದ ಕಲ್ಲುಗಳನ್ನು ತೊಗಟೆಯ ಪಾತ್ರೆಗೆ ಹಾಕಿ ಕುದಿಸುತ್ತಿದ್ದರು. ಯುರೋಪಿನವರು ಬಂದ ಮೇಲೆ ಕಬ್ಬಿಣದ ಹಂಡೆಗಳು ಬಂದವು. 19ನೇ ಶತಮಾನದಲ್ಲಿ ಹಂಡೆಯ ಜಾಗಕ್ಕೆ ಅಗಲವಾದ ಚಪ್ಪಟೆ ತಟ್ಟೆ ಬಂತು. 1858ರಲ್ಲಿ ಓಹಾಯೋದ ಡಿ.ಎಂ. ಕುಕ್ ಅಂಥ ಒಂದು ಬಾಷ್ಪೀಕರಣ ತಟ್ಟೆಗೆ ಪೇಟೆಂಟ್ ಪಡೆದ. ತಟ್ಟೆಯೊಳಗಿನ ಅಡ್ಡಗೋಡೆಗಳ ನಡುವೆ ರಸ ಹಾವಿನಂತೆ ಹರಿದು, ಒಂದು ತುದಿಯಲ್ಲಿ ನೀರಾಗಿ ಒಳಬಂದದ್ದು ಇನ್ನೊಂದು ತುದಿಯಲ್ಲಿ ಪಾಕವಾಗಿ ಹೊರಬರುವುದು ಇಂಥ ತಟ್ಟೆಗಳ ಉಪಾಯ. ಇಂದಿಗೂ ಅಲ್ಲಿನ ಹವ್ಯಾಸಿಗಳು ಹಳೆಯ ಎಣ್ಣೆಪೀಪಾಯಿ ಕೊಯ್ದು, ಮೇಲೆ ಸ್ಟೀಲ್ ತಟ್ಟೆ ಇಟ್ಟು, ಹೊಗೆಕೊಳವೆ ಜೋಡಿಸಿ ಮನೆಯಂಗಳದಲ್ಲೇ ಇದನ್ನು ಮಾಡಿಕೊಳ್ಳುತ್ತಾರೆ.

ನಮ್ಮ ತಾಳೆ-ತೆಂಗುಗಳ ರಸದಲ್ಲಿ ಸಕ್ಕರೆ ಶೇ. 12ರಿಂದ 15ರಷ್ಟಿರುತ್ತದೆ. ಏಳೆಂಟು ಲೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ ಬೆಲ್ಲ. ಇಷ್ಟು ಉದಾರ ರಸಕ್ಕೆ ಪೇಟೆಂಟಿನ ತಟ್ಟೆಯ ಹಂಗು ಬೀಳಲಿಲ್ಲ. ಮೂರು ಬದಿಗೆ ಕೆಂಪು ಕಲ್ಲು, ಸಂದಿಗೆ ಮಣ್ಣು, ಮೇಲೆ ಅಗಲಬಾಯಿಯ ಉರುಳಿ ಅಥವಾ ಬಾಣಲೆ. ಅಗಲ ಬಾಯಿ ಮಾತ್ರ ಎರಡೂ ಖಂಡಗಳಿಗೆ ಸಮಾನ, ಏಕೆಂದರೆ ಆವಿ ಏಳುವುದು ಮೇಲ್ಮೈಯಿಂದ.

ಇಲ್ಲಿನ ಕಷ್ಟ ಬೇರೆ. ಸೆಕೆಯ ನಾಡಿನಲ್ಲಿ ಇಳಿಸಿದ ರಸ ಕೆಲವೇ ಗಂಟೆಗಳಲ್ಲಿ ಹುಳಿಯೇರಿ ಶೇಂದಿಯಾಗುತ್ತದೆ. ಮರಕ್ಕೆ ಕಟ್ಟುವ ಮಡಕೆಯ ಒಳಗೆ ಸುಣ್ಣ ಸವರಿದರೆ ಹುಳಿಯುವುದು ತಡವಾಗುತ್ತದೆ. ಹಾಗೆ ಸಿಕ್ಕ ಸಿಹಿರಸವನ್ನು ಅಂದೇ ಒಲೆಗೇರಿಸಬೇಕು. ಮರ ಹತ್ತಿ ಮೂರ್ತೆ ತೆಗೆಯುವುದು, ಅಂದರೆ ರಸ ಇಳಿಸುವುದು, ಗಂಡಸರ ಕೆಲಸ. ಕುದಿಸುವುದು ಹೆಚ್ಚಾಗಿ ಮನೆಯ ಹೆಂಗಸರ ಪಾಲಿನದು. ನೊರೆ ಉಕ್ಕಿದಾಗ ಎರಡು ತೊಟ್ಟು ತೆಂಗಿನೆಣ್ಣೆ ಬಿದ್ದರೆ ತಣ್ಣಗಾಗುತ್ತದೆ. ಹದ ನೋಡಲು ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆಕಟ್ಟಿ ನೋಡುತ್ತಾರೆ. ಹೀಗೆ ತಯಾರಾದ ತಾಳೆಬೆಲ್ಲವೇ ಅವಿಭಜಿತ ದಕ್ಷಿಣ ಕನ್ನಡದ ಓಲೆಬೆಲ್ಲ. ಬಾಣಂತಿಯ ಆರೈಕೆಯಲ್ಲಿ ಅದಕ್ಕೆ ಇಂದಿಗೂ ಬೇಡಿಕೆಯಿದೆ.

1801ರಲ್ಲಿ ಕೆನರಾ ಪ್ರಾಂತವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ತಾಳೆಜಾತಿಯ ಮರಗಳಿಂದ ರಸ ತೆಗೆಯುವುದು ಬಿಲ್ಲವರ ಕಸುಬೆಂದು ಬರೆದುಕೊಂಡಿದ್ದಾನೆ. ಮುಂದೆ ಬ್ರಿಟಿಷರ ಅಬಕಾರಿ ವ್ಯವಸ್ಥೆ ಬೆಳೆದಂತೆ ರಸ ಇಳಿಸುವ ಮರಕ್ಕೆ ತೆರಿಗೆ, ಪರವಾನಗಿಗಳು ಬಂದವು. ಒಂದೇ ಮರ, ಒಂದೇ ಕತ್ತಿ. ಮಡಕೆಯಲ್ಲಿ ಸುಣ್ಣವಿದ್ದರೆ ಬೆಲ್ಲ, ಇಲ್ಲದಿದ್ದರೆ ಅಮಲು. ಇಷ್ಟು ತೆಳ್ಳಗಿನ ಗೆರೆಯನ್ನು ಕಾಯುವುದು ಯಾವ ಅಧಿಕಾರಿಗೂ ಸುಲಭವಲ್ಲ. ಮದರಾಸು ಪ್ರಾಂತದಲ್ಲಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭವಾದ ಪಾನನಿರೋಧ 1948ರಲ್ಲಿ ಇಡೀ ಪ್ರಾಂತಕ್ಕೆ ವಿಸ್ತರಿಸಿತು. ಮಂಗಳೂರು ಆಗ ಅದೇ ಪ್ರಾಂತದ ದಕ್ಷಿಣ ಕೆನರಾ ಜಿಲ್ಲೆಯ ಕೇಂದ್ರ. ಶೇಂದಿ ನಿಂತಾಗ ಮೂರ್ತೆದಾರರಿಗೆ ಬೆಲ್ಲವೇ ಬದಲಿ ದಾರಿ ಎಂಬ ವಾದ ಜೋರಾಗಿತ್ತು. 1934ರಲ್ಲಿ ಗಾಂಧೀಜಿ ಸ್ಥಾಪಿಸಿ ಜೆ.ಸಿ. ಕುಮಾರಪ್ಪ ನಡೆಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ತಾಳೆಬೆಲ್ಲವನ್ನು ಪ್ರಚಾರ ಮಾಡಿತು. 1957ರಲ್ಲಿ ಆರಂಭವಾದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವೂ ಅದನ್ನು ಕೈಗೆತ್ತಿಕೊಂಡಿತು. ಆದರೆ ದಿನಕ್ಕೆರಡು ಬಾರಿ ಮರ ಹತ್ತಿ, ಸೌದೆ ಸುಟ್ಟು, ಸಂಜೆತನಕ ಕಲಕಿ ಸಿಗುವ ಕಾಸು ಶೇಂದಿಯ ಕಾಸಿಗೆ ಸಾಟಿಯಾಗುವುದು ಕಷ್ಟವಿತ್ತು. ಒಲೆಗಳು ಆರಿದ್ದಕ್ಕೆ ತಂತ್ರಜ್ಞಾನದ ಕೊರತೆಗಿಂತ ಈ ಲೆಕ್ಕವೇ ದೊಡ್ಡ ಕಾರಣವೆನ್ನಬೇಕು.

ಘಟ್ಟದ ಮೇಲೆ ಅಂಥ ತೊಡಕಿರಲಿಲ್ಲ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಚಳಿ ಇಳಿಯುವ ಹೊತ್ತಿಗೆ ಆಲೆಮನೆ ಏಳುತ್ತದೆ. ಕೋಣಗಳು ತಿರುಗಿಸುತ್ತಿದ್ದ ಗಾಣದ ಜಾಗಕ್ಕೆ ಯಂತ್ರ ಬಂದರೂ ಕೊಪ್ಪರಿಗೆಯ ಕೆಳಗೆ ಉರಿಯುವುದು ಸೌದೆ ಮತ್ತು ಒಣಗಿದ ಕಬ್ಬಿನ ಸಿಪ್ಪೆಯೇ. ಅಲ್ಲಿನ ದ್ರವರೂಪದ ಜೋನಿ ಬೆಲ್ಲ ಮೇಪಲ್ ಪಾಕಕ್ಕೆ ತೀರ ಹತ್ತಿರದ ನೆಂಟ: ಮೇಪಲ್ ಪಾಕವನ್ನು ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸುತ್ತಾರೆ, ಜೋನಿಯನ್ನು 103ರಿಂದ 106ರ ನಡುವೆ. ಅಚ್ಚುಬೆಲ್ಲಕ್ಕಾದರೆ 118ರ ತನಕ ಹೋಗಬೇಕು.

ಒಲೆಯ ಸುಧಾರಣೆಯ ಮಾತು ಬಂದದ್ದು ಕಾಡು ಕರಗಿದ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಅಡುಗೆಗಾಗಿ ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಸೌದೆಯ ಕೆಳಗೆ ಜಾಲರಿ, ಮುಚ್ಚಿದ ಬೆಂಕಿಗೂಡು, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ ಇದ್ದವು. ಮೊದಲ ಪಾತ್ರೆಯನ್ನು ದಾಟಿದ ಬಿಸಿ ಎರಡನೆಯದನ್ನೂ ಮೂರನೆಯದನ್ನೂ ಮುಟ್ಟಿಯೇ ಹೊರಹೋಗಬೇಕು. ಒಂದಕ್ಕಿಂತ ಹೆಚ್ಚು ಕೊಪ್ಪರಿಗೆಯ ಬೆಲ್ಲದ ಒಲೆಗಳಲ್ಲಿ ಕೆಲಸ ಮಾಡುವುದೂ ಇದೇ ತತ್ತ್ವ.

ಮಂಗಳೂರಿನಿಂದ ಐವತ್ತು ಕಿಲೋಮೀಟರ್ ತೆಂಕಣಕ್ಕೆ ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಸುಣ್ಣದ ಮಡಕೆಗೇ ಬದಲಿ ಹುಡುಕಿತು. ತೆಂಗಿನ ಹೊಂಬಾಳೆಗೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಜೋಡಿಸಿ ರಸವನ್ನು ತಂಪಿನಲ್ಲೇ ಸಂಗ್ರಹಿಸುವ ವಿಧಾನವದು. ಆ ರಸಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟರು. ಅದರಿಂದ ತೆಂಗಿನ ಸಕ್ಕರೆ ಮಾಡುವಾಗ ತಳ ಹಿಡಿಯದಂತೆ ಎರಡು ಪದರದ ಉಕ್ಕಿನ ಪಾತ್ರೆ ಬಳಸುತ್ತಾರೆ. ಸೌದೆಯ ಗೊಡವೆ ಅಲ್ಲಿಲ್ಲ, ಮರ ಹತ್ತುವವರ ಕೊರತೆ ಮಾತ್ರ ಹಾಗೆಯೇ ಇದೆ.