ಕಾಂಗ್ರೆಸ್ ಗಿಡ ಬಂತು, ಬೆರಕೆ ಸೊಪ್ಪು ಹೋಯ್ತು



ಮನೇಲಿ ಬೆರಕೆ ಸೊಪ್ಪಿನ ಬಸ್ಸಾರು ಮಾಡ್ತೀವಿ ಅಂದ್ರು. ನಿನ್ನೆ ರಾಗಿ ಹೊಲದ ಬದುವಿಗೆ ಹೋದೆ. ಅರ್ಧ ಗಂಟೆ ಹುಡುಕಿದ್ರೂ ಸಿಕ್ಕಿದ್ದು ಒಂದು ಹಿಡಿ ಅಣ್ಣೆ ಸೊಪ್ಪು. ಮಿಕ್ಕಿದ್ದೆಲ್ಲ ಮೊಣಕಾಲುದ್ದ ಕಾಂಗ್ರೆಸ್ ಗಿಡ, ಅಂದ್ರೆ ಪಾರ್ಥೇನಿಯಂ. ನಾನು ಚಿಕ್ಕವನಿದ್ದಾಗ ನಮ್ಮವ್ವ ಇದೇ ಬದುವಿನಿಂದ ಅಣ್ಣೆ, ಕನ್ನೆ, ಗಣಿಕೆ, ಹೊನಗೊನ್ನೆ, ಗೋಣಿ ಸೊಪ್ಪು ಮಡಿಲು ತುಂಬ ತರೋಳು. ಬಿತ್ತಿದ್ದಲ್ಲ, ನೀರು ಹಾಯಿಸಿದ್ದಲ್ಲ.

ಈ ಗಿಡದ ತವರು ಮೆಕ್ಸಿಕೋ ಕಡೆ. 1950ರ ದಶಕದಲ್ಲಿ ಪುಣೆ ಹತ್ರ ಇದನ್ನ ಗುರುತಿಸಿದ್ರು. ಆಗ ದೇಶದಲ್ಲಿ ಆಹಾರದ ಕೊರತೆ, ಪಿಎಲ್-480 ಅನ್ನೋ ಯೋಜನೆಯಡಿ ಅಮೆರಿಕದ ಗೋಧಿ ಬರ್ತಿತ್ತು. ಅದರ ಜೊತೆ ಬೀಜ ಬಂತು ಅಂತ ಬಹಳ ಜನರ ಮಾತು. ಅದಕ್ಕೂ ಹಿಂದೆ ಬಂದಿತ್ತು ಅನ್ನೋ ದಾಖಲೆಗಳೂ ಇವೆ. ಆದ್ರೆ ಊರೂರಿಗೆ ಹರಡಿದ್ದು ಆಮೇಲೇ. ಬಿಳಿ ಹೂ ನೋಡಿ ಬಿಳಿ ಟೋಪಿ ನೆನಪಾಗಿ ಜನ ಕಾಂಗ್ರೆಸ್ ಗಿಡ ಅಂದ್ರು ಅಂತಾರೆ.

ಒಂದೊಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತೆ. ಬೇರು, ಎಲೆಯಿಂದ ಇಳಿಯೋ ರಸ ಪಕ್ಕದ ಬೀಜ ಮೊಳೆಯೋಕೆ ಬಿಡಲ್ಲ. ದನ ಮುಟ್ಟಲ್ಲ, ತಿಂದ್ರೆ ಹಾಲು ಕಹಿ. ನಮ್ಮಪ್ಪನಿಗೆ ಕಳೆ ಕಿತ್ತೂ ಕಿತ್ತೂ ಕೈ ಕತ್ತೆಲ್ಲ ಕಜ್ಜಿ ಆಗಿತ್ತು. ತವರಲ್ಲಿ ಇದನ್ನ ತಿನ್ನೋ ಹುಳುಗಳಿವೆ. ಇಲ್ಲಿಗೆ ಗಿಡ ಬಂತು, ಹುಳ ಬರಲಿಲ್ಲ. ಅದೇ ಎಡವಟ್ಟು.

ಆ ಹುಳನ ತಂದಿದ್ದು ನಮ್ಮ ಬೆಂಗಳೂರಿಗೇ. 1983ರಲ್ಲಿ ಮೆಕ್ಸಿಕೋದಿಂದ ತರಿಸಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿ, 1984ರಲ್ಲಿ ಹೊಲಕ್ಕೆ ಬಿಟ್ರು. ಕೆನೆ ಬಣ್ಣದ ಮೈ, ಬೆನ್ನ ಮೇಲೆ ಕಂದು ಗೆರೆ. ಕೆಲವೇ ವರ್ಷದಲ್ಲಿ ಬೆಂಗಳೂರು ಸುತ್ತಮುತ್ತ ಗಿಡಗಳು ಬರೀ ಕಡ್ಡಿ ಆದವು.

1991ರ ಸುಮಾರಿಗೆ ಗಲಾಟೆ ಶುರುವಾಯ್ತು. ಹುಳ ಸೂರ್ಯಕಾಂತಿ ತಿಂತಿದೆ ಅಂತ. ಸರ್ಕಾರ ಸಮಿತಿ ಮಾಡ್ತು. ಆಗ ನಮ್ಮದೂ ಅರ್ಧ ಎಕರೆ ಸೂರ್ಯಕಾಂತಿ. ಎಲೆ ಮೇಲೆ ನಾಲ್ಕು ಹುಳ ಕಂಡಿದ್ದೇ ತಡ, ನಾನು ಬೆಳೆಗೂ ಬದುವಿಗೂ ಔಷಧಿ ಹೊಡೆದುಬಿಟ್ಟೆ. ಆಮೇಲೆ ವಿಜ್ಞಾನಿಗಳು ಹೇಳಿದ್ದೇನು? ಪಾರ್ಥೇನಿಯಂ ಹೂವಿನ ಪುಡಿ ಗಾಳಿಗೆ ಹಾರಿ ಸೂರ್ಯಕಾಂತಿ ಎಲೆ ಮೇಲೆ ಕೂತಿತ್ತು, ಆ ವಾಸನೆಗೆ ಹುಳ ಎಲೆ ಕಚ್ಚಿತ್ತು, ಅಷ್ಟೇ. ಸೂರ್ಯಕಾಂತಿ ಮೇಲೆ ಅದರ ಸಂಸಾರ ಬೆಳೆಯಲ್ಲ. ನಾನು ಕೊಂದಿದ್ದು ನನ್ನ ಆಳನ್ನೇ.

ಈ ಹುಳ ಮಳೆಗಾಲದಲ್ಲಿ ಮಾತ್ರ ಕೆಲಸ ಮಾಡುತ್ತೆ. ಬೇಸಿಗೆಯಲ್ಲಿ ಮಣ್ಣೊಳಗೆ ಮಲಗಿರುತ್ತೆ. ಗಿಡ ಮಾತ್ರ ತೇವ ಸಿಕ್ಕಾಗೆಲ್ಲ ಹುಟ್ಟುತ್ತೆ. ಮೇಲಾಗಿ ನಾಯಂಡಹಳ್ಳಿ, ಕೆಂಗೇರಿ ಸುತ್ತ ಹೊಲಗಳು ಸೈಟಾದವು. ಖಾಲಿ ಸೈಟೆಲ್ಲ ಇದರ ಬೀಜದ ಕಣಜ. ಹಾಗಾಗಿ ಹುಳನ ನಂಬಿ ಕೂತ್ರೆ ಸಾಲದು.

ನಾನೀಗ ಮಾಡ್ತಿರೋದು ಇಷ್ಟು: ಮಳೆ ಬಿದ್ದು ನೆಲ ಮೆತ್ತಗಿದ್ದಾಗ, ಹೂ ಬಿಡೋ ಮುಂಚೆ, ಕೈಗೆ ಗ್ಲೌಸ್ ಹಾಕ್ಕೊಂಡು ಬೇರು ಸಮೇತ ಕೀಳೋದು. ಹೂ ಬಿಡದಿರೋದು ತಿಪ್ಪೆಗೆ, ಹೂ ಬಿಟ್ಟಿದ್ದು ತಿಪ್ಪೆಗೆ ಬೇಡ. ಗೆರೆ ಹುಳ ಕಂಡ ಕಡೆ ಔಷಧಿ ಹೊಡೆಯಲ್ಲ. ಹೋದ ವರ್ಷ ಹೀಗೆ ಬಿಡಿಸಿದ ಹತ್ತು ಗಜ ಬದುವಿನಲ್ಲೇ ಈ ಸಲ ಆ ಒಂದು ಹಿಡಿ ಅಣ್ಣೆ ಸೊಪ್ಪು ಸಿಕ್ಕಿದ್ದು.

ನಿಮ್ಮ ಬದುವಲ್ಲಿ ಯಾವ ಸೊಪ್ಪು ಉಳಿದಿದೆ, ತಿಳಿಸಿ. ಬೀಜ ಇದ್ರೆ ಒಂದು ಹಿಡಿ ಕೊಡಿ, ಬಂದು ಇಸ್ಕೊಂಡು ಹೋಗ್ತೀನಿ.