ಕಂದು ಹಲ್ಲುಗಳು ಹೇಳಿದ ಕಥೆ

ಚಿಕ್ಕ ಮಕ್ಕಳ ಹಲ್ಲಿನ ರಕ್ಷಣೆಯ ಮಾತು ಬಂದಾಗಲೆಲ್ಲ ‘ಫ್ಲೋರೈಡ್’ ಎಂಬ ಪದ ಕೇಳಿಬರುತ್ತದೆ. ಅದು ಹಲ್ಲಿಗೆ ಒಳ್ಳೆಯದು ಎನ್ನುವವರಿದ್ದಾರೆ, ಕೆಟ್ಟದ್ದು ಎನ್ನುವವರೂ ಇದ್ದಾರೆ. ಎರಡೂ ಮಾತು ನಿಜವಾಗಿರಲು ಹೇಗೆ ಸಾಧ್ಯ? ಇದರ ಹಿಂದೆ ಒಂದು ಸ್ವಾರಸ್ಯಕರ ಇತಿಹಾಸವಿದೆ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯರು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಎಷ್ಟು ಉಜ್ಜಿದರೂ ಅವು ಹೋಗುತ್ತಿರಲಿಲ್ಲ. 1909ರಲ್ಲಿ ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಅವರೊಡನೆ ಸೇರಿದರು. ಇಬ್ಬರಿಗೂ ಎರಡು ಸಂಗತಿಗಳು ಕಂಡುಬಂದವು. ಕಲೆ ಮೂಡುವುದು ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಮಾತ್ರ. ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಅದರ ಭಯವಿಲ್ಲ. ಎರಡನೆಯದು ಅಚ್ಚರಿಯದು: ಕಲೆಯಿದ್ದ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ.

ಮೆಕೇ ಅವರ ಅನುಮಾನ ಕುಡಿಯುವ ನೀರಿನ ಮೇಲೆ ಬಿತ್ತು. 1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಊರಿನ ತಂದೆತಾಯಿಗಳು, ಹೊಸ ಕೊಳವೆ ನೀರು ಬಂದಮೇಲೆ ಮಕ್ಕಳ ಹಲ್ಲಿಗೆ ಕಲೆ ಬಂದಿದೆ ಎಂದರು. ಮೆಕೇ ಸಲಹೆಯಂತೆ ಊರು ಬೇರೊಂದು ಬುಗ್ಗೆಯ ನೀರಿಗೆ ಬದಲಾಯಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಕಿರಿಯ ಮಕ್ಕಳ ಹೊಸ ಹಲ್ಲುಗಳು ಕಲೆಯಿಲ್ಲದೆ ಮೂಡಿದವು. ಆದರೆ ನೀರಿನಲ್ಲಿದ್ದುದೇನು? 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್ ನೀರನ್ನು ಪರೀಕ್ಷಿಸಿ ಉತ್ತರ ಕೊಟ್ಟರು: ಫ್ಲೋರೈಡ್.

ಆ ಮೇಲೆ ಟ್ರೆಂಡ್ಲಿ ಡೀನ್ ಎಂಬ ವಿಜ್ಞಾನಿ ಎಷ್ಟಿದ್ದರೆ ಹಿತ, ಎಷ್ಟಾದರೆ ಅಹಿತ ಎಂದು ಅಳೆಯತೊಡಗಿದರು. ಲೀಟರಿಗೆ ಸುಮಾರು 1 ಮಿಲಿಗ್ರಾಂವರೆಗೆ ಇದ್ದರೆ ಕಲೆಯ ಹಾವಳಿಯಿಲ್ಲ, ಹುಳುಕೂ ಕಡಿಮೆ ಎಂದು ತಿಳಿಯಿತು. 1945ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಅಷ್ಟೇ ಫ್ಲೋರೈಡ್ ಬೆರೆಸಲಾಯಿತು. ಜಗತ್ತಿನಲ್ಲಿ ಅದೇ ಮೊದಲು. 11 ವರ್ಷಗಳ ನಂತರ ನೋಡಿದಾಗ, ಅಲ್ಲಿಂದೀಚೆಗೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕಿಂತ ಹೆಚ್ಚು ಇಳಿದಿತ್ತು.

ನಮ್ಮ ದೇಶದ ಕಥೆ ಇದರ ಇನ್ನೊಂದು ಮುಖ. 1937ರಲ್ಲೇ ಆಗಿನ ಮದ್ರಾಸ್ ಪ್ರಾಂತದಲ್ಲಿ, ನೀರಿನ ಅತಿಯಾದ ಫ್ಲೋರೈಡ್ ಹಲ್ಲನ್ನಷ್ಟೇ ಅಲ್ಲ, ಮೂಳೆಯನ್ನೂ ಕೆಡಿಸುತ್ತಿರುವುದು ವರದಿಯಾಗಿತ್ತು. ಕರ್ನಾಟಕದ ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಬಯಲುಸೀಮೆಯ ತಾಲ್ಲೂಕುಗಳ ಕೊಳವೆಬಾವಿಗಳಲ್ಲೂ ಇದೇ ತೊಂದರೆ. ಅಲ್ಲಿನ ಬಂಡೆಗಳಲ್ಲಿರುವ ಫ್ಲೋರೈಡ್ ಅಂತರ್ಜಲದಲ್ಲಿ ಕರಗಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ.

ಆದ್ದರಿಂದ ನಿಮ್ಮ ತರಗತಿಯಲ್ಲಿ ಯಾರದಾದರೂ ಹಲ್ಲು ಕಂದಾಗಿದ್ದರೆ ‘ಹಲ್ಲುಜ್ಜದವನು’ ಎಂದು ನಗಬೇಡಿ. ಅದು ಅವನು ಎಳೆಯನಾಗಿದ್ದಾಗ ಕುಡಿದ ನೀರಿನ ಗುರುತಾಗಿರಬಹುದು. ಉಜ್ಜಿ ತೆಗೆಯುವಂಥದ್ದಲ್ಲ, ಆದರೆ ಅವನ ತಮ್ಮ ತಂಗಿಯರಿಗೆ ಬಾರದಂತೆ ತಡೆಯಬಹುದು. ನೀರನ್ನು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ಮನೆಯವರಿಗೆ ತಿಳಿಸಿ. ಪುಟ್ಟ ಮಕ್ಕಳ ಬ್ರಷ್ಷಿಗೆ ಫ್ಲೋರೈಡ್ ಪೇಸ್ಟನ್ನು ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಹಾಕಿದರೆ ಸಾಕು. ನುಂಗದೆ ಉಗುಳುವುದನ್ನು ಕಲಿಸಿ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ‘ಅತಿ’ ಎಷ್ಟೆಂದು ಅಳೆದು ತೋರಿಸಿದ್ದು ವಿಜ್ಞಾನ.