ಡಾಕ್ಟರ ಚೀಟಿಯ ಹಂಗು: ಠಾಣೆ–ನವಿಮುಂಬಯಿಯ ಫಿಸಿಯೋಥೆರಪಿ ಮತ್ತು ಕಾನೂನು

ಫಿಸಿಯೋಥೆರಪಿಸ್ಟ್ ರೋಗಿಯನ್ನು ತಾನೇ ಪರೀಕ್ಷಿಸಿ ಚಿಕಿತ್ಸೆ ಶುರು ಮಾಡಬಹುದೇ, ಇಲ್ಲವೇ ಡಾಕ್ಟರ ಚೀಟಿ ಬರುವವರೆಗೆ ಕಾಯಬೇಕೇ? ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಈ ವೃತ್ತಿಗೆ ಅನ್ವಯಿಸಿದ ಕಾನೂನುಗಳ ಚರಿತ್ರೆ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಸುತ್ತಲೇ ಸಾಗಿದೆ. ಉತ್ತರ ಪ್ರತಿಸಲವೂ ಅಡಗಿ ಕುಳಿತಿದ್ದು ಕಾಯಿದೆಯ ವ್ಯಾಖ್ಯೆಯ ಕಲಮಿನಲ್ಲಿ.

ಕಥೆಯ ಮೂಲ ಮುಂಬಯಿಯ ಪರೇಲಿನಲ್ಲಿದೆ. 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಪೋಲಿಯೊ ಹಬ್ಬಿದಾಗ, ಕೇಂದ್ರ ಸರಕಾರ, ಮುಂಬಯಿ ಮಹಾನಗರಪಾಲಿಕೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕೂಡಿ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆಯನ್ನು ತೆರೆದವು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ಹುಟ್ಟಿತು. ಸಂಘಕ್ಕೆ ಸದಸ್ಯರನ್ನು ಸೇರಿಸಿಕೊಳ್ಳುವ ಅಧಿಕಾರವಿತ್ತು, ನೋಂದಣಿಯ ಅಧಿಕಾರವಿರಲಿಲ್ಲ. ಅಂದರೆ ಸುಮಾರು ಅರ್ಧ ಶತಮಾನ ಕಾಲ ಈ ರಾಜ್ಯದಲ್ಲಿ ಪದವೀಧರನನ್ನೂ, ಮಾಲೀಶು ಮಾಡಿ ಫಿಸಿಯೋ ಎಂದು ಬೋರ್ಡು ಹಾಕಿಕೊಂಡವನನ್ನೂ ಬೇರ್ಪಡಿಸುವ ಸರಕಾರಿ ಪಟ್ಟಿಯೇ ಇರಲಿಲ್ಲ.

ಆ ಪಟ್ಟಿ ಬಂದದ್ದು ಮಹಾರಾಷ್ಟ್ರ ರಾಜ್ಯ ಆಕ್ಯುಪೇಷನಲ್ ಥೆರಪಿ ಮತ್ತು ಫಿಸಿಯೋಥೆರಪಿ ಕೌನ್ಸಿಲ್ ಅಧಿನಿಯಮ, 2002ರಿಂದ. ಅದು ಪುಸ್ತಕಕ್ಕೇರಿದ್ದು 2004ರ ಎರಡನೇ ಕಾಯಿದೆಯಾಗಿ. ದಿಲ್ಲಿ 1997ರಲ್ಲೇ ಇಂಥದೊಂದು ಕಾಯಿದೆ ಮಾಡಿತ್ತು. ಮಹಾರಾಷ್ಟ್ರದ ವ್ಯಾಖ್ಯೆ ಮಾತ್ರ ಧಾರಾಳ: ಫಿಸಿಯೋಥೆರಪಿಯನ್ನು ಆಧುನಿಕ ವೈದ್ಯವಿಜ್ಞಾನದ ಒಂದು ಶಾಖೆ ಎಂದು ಕರೆದು, ಪರೀಕ್ಷೆ, ದೈಹಿಕ ರೋಗನಿದಾನ, ಚಿಕಿತ್ಸೆಯ ಯೋಜನೆ, ತೀವ್ರ ನಿಗಾ ಘಟಕದಲ್ಲಿನ ಎದೆಯ ಫಿಸಿಯೋಥೆರಪಿಯವರೆಗೆ ಎಲ್ಲವನ್ನೂ ಅದರ ತೆಕ್ಕೆಗೆ ತಂದಿತು. ‘ನಿದಾನ’ ಒಳಗೆ ಬಂದ ಮೇಲೆ ಡಾಕ್ಟರ ಚೀಟಿಯ ಹಂಗು ಕಾನೂನಿನ ಮಟ್ಟಿಗಾದರೂ ಸಡಿಲವಾಯಿತು.

ಮೂರೇ ವರ್ಷಕ್ಕೆ ಕೇಂದ್ರ ಸರಕಾರದ ಗಾಳಿ ತಿರುಗಿತು. 2007ರ ಪ್ಯಾರಾಮೆಡಿಕಲ್ ಮತ್ತು ಫಿಸಿಯೋಥೆರಪಿ ಕೇಂದ್ರ ಮಂಡಳಿಗಳ ಮಸೂದೆ ಇದೇ ವೃತ್ತಿಯನ್ನು ವೈದ್ಯರ ನಿರ್ದೇಶನದಲ್ಲಿ ಶಾಖ, ಶೀತ, ನೀರು, ವಿದ್ಯುತ್ತುಗಳಿಂದ ಕೊಡುವ ಚಿಕಿತ್ಸೆ ಎಂದು ವರ್ಣಿಸಿತು. ರೋಗಿಗಳು ‘ಕರೆಂಟ್ ಕೊಡುವ ಕಡೆ’ ಎನ್ನುವುದನ್ನೇ ಕರಡು ಬರೆದವರೂ ನಂಬಿದಂತಿತ್ತು! ಮಸೂದೆ ಕಾಯಿದೆಯಾಗಲಿಲ್ಲ. ಕೊನೆಗೆ ಆರೋಗ್ಯ ವೃತ್ತಿಗಳಿಗಾಗಿ ಬಂದ 2021ರ ರಾಷ್ಟ್ರೀಯ ಆಯೋಗದ ಅಧಿನಿಯಮ, ಕನಿಷ್ಠ ಪದವಿ ಪಡೆದ ಫಿಸಿಯೋಥೆರಪಿಸ್ಟ್ ಸ್ವತಂತ್ರವಾಗಿಯೋ ತಂಡದ ಭಾಗವಾಗಿಯೋ ವೃತ್ತಿ ನಡೆಸಬಹುದೆಂದು ತನ್ನ ಅನುಸೂಚಿಯಲ್ಲಿ ಬಿಡಿಸಿ ಹೇಳಿತು. ಈ ಬಗೆಯ ಪದವಿಗೆ 3,600 ತಾಸುಗಳ ಕಲಿಕೆಯ ಕೆಳಮಿತಿಯನ್ನೂ ಹಾಕಿತು. ಆದರೂ ಜಗಳ ತಣ್ಣಗಾಗಿಲ್ಲ: 2025ರ ಸೆಪ್ಟೆಂಬರ್ 9ರಂದು ಫಿಸಿಯೋಗಳು ‘ಡಾ.’ ಬಳಸಕೂಡದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆದು, ಮರುದಿನವೇ ಹಿಂದಕ್ಕೆ ಪಡೆಯಿತು.

ಇನ್ನು ನೆಲಮಟ್ಟದ ಸಂಗತಿ. ನೆರೂಲ್, ಕಾಮೋಠೆಗಳ ಕಾಲೇಜುಗಳಿಂದ ಹೊರಬಿದ್ದವರು ಡೊಂಬಿವಲಿಯ ಸ್ಟೇಷನ್ ಹತ್ತಿರ ಕಟ್ಟಡವೊಂದರ ತಳಮಹಡಿಯಲ್ಲಿ ಗಾಳಾ (ಅಂಗಡಿಯ ಜಾಗ) ಹಿಡಿಯುತ್ತಾರೆ. ಒಂದು ಟ್ರ್ಯಾಕ್ಷನ್ ಟೇಬಲ್, ಕರೆಂಟ್ ಕೊಡುವ ಒಂದು ಐ.ಎಫ್.ಟಿ. ಯಂತ್ರ, ಪರದೆಯ ಹಿಂದೆ ಎರಡು ಮಂಚ, ಗೋಡೆಗೆ ಕೌನ್ಸಿಲ್ ಸರ್ಟಿಫಿಕೇಟು. ಆ ಸರ್ಟಿಫಿಕೇಟು ವ್ಯಕ್ತಿಯದು. ಜಾಗವನ್ನು ತಪಾಸಿಸುವವರು ಯಾರು? ಪಾಲಿಕೆಗಳು ಜಾರಿಗೊಳಿಸುವ 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯಿದೆ ರೋಗಿಗಳನ್ನು ಒಳಗಿಟ್ಟುಕೊಳ್ಳುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಕೇಂದ್ರದ 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯಿದೆಯನ್ನು ಮಹಾರಾಷ್ಟ್ರ ಒಪ್ಪಿಕೊಂಡಿಲ್ಲ. ಸಂಜೆ ಹೊತ್ತು ಯಜಮಾನರು ಮನೆಮನೆ ಚಿಕಿತ್ಸೆಗೆ ಹೋದಾಗ ಯಂತ್ರದ ಗುಂಡಿ ಒತ್ತುವ ಸಹಾಯಕಿ ಯಾರ ಮೇಲ್ವಿಚಾರಣೆಯಲ್ಲಿದ್ದಾಳೆ ಎಂದು ಬಂದು ಕೇಳುವ ಇಲಾಖೆಯಿಲ್ಲ. ಡಾಕ್ಟರ ಹಂಗಿನ ಬಗ್ಗೆ ಇಷ್ಟು ವಾದಿಸಿದ ವೃತ್ತಿ ತನ್ನದೇ ಸಹಾಯಕರ ಬಗ್ಗೆ ಕಡಿಮೆ ಮಾತಾಡಿದೆ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಇದು ತಲೆಕೆಳಗು. ಅಲ್ಲಿನ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಹಾಸಿಗೆಯಿಲ್ಲದ ಫಿಸಿಯೋಥೆರಪಿ ಕೇಂದ್ರವನ್ನೂ ನೋಂದಣಿಗೆ ಒಳಪಡಿಸಿತು, ಆದರೆ ವ್ಯಕ್ತಿಗಳನ್ನು ನೋಂದಾಯಿಸುವ ಮಹಾರಾಷ್ಟ್ರದಂಥ ಪ್ರತ್ಯೇಕ ಕೌನ್ಸಿಲ್ ಇರಲಿಲ್ಲ. ಮಂಗಳೂರಿನಲ್ಲೋ ಮಣಿಪಾಲದಲ್ಲೋ ಓದಿ ಠಾಣೆಗೆ ಬಂದ ಕನ್ನಡದ ಹುಡುಗಿ ತನ್ನ ಹೆಸರನ್ನು ರಾಜ್ಯವೊಂದರ ಪಟ್ಟಿಯಲ್ಲಿ ಮೊದಲ ಸಲ ಬರೆಸುತ್ತಿದ್ದುದು ಮುಂಬಯಿಯ ಕೌನ್ಸಿಲ್ ಕಚೇರಿಯಲ್ಲೇ.